ಸೌಟಿನ ಗುರುತು

ಸೀನು, ಗೋಡೆಯ ಆಚೆಯಿಂದ, ಒಂದು, ಹಿಂದೆಯೇ ಇನ್ನೊಂದು, ಆಮೇಲೆ ಮೂಗು ಸೀಟಿದ ಸದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ಅದೇ ನಯವಾದ ದನಿ, ಹಾಂ ಸಾರಿ, ಹೇಳಿ ಹೇಳಿ, ಕೇಳಿಸ್ತಿದೆ — ಕೇಳಿಸುತ್ತಿದೆಯಂತೆ, ಎಲ್ಲೋ ದೂರದ ಆಫೀಸಿನಲ್ಲಿ ಕೂತವರ ಮಾತು ಈ ಮಹಾರಾಯನಿಗೆ ಚೆನ್ನಾಗಿ ಕೇಳಿಸುತ್ತದೆ, ಅವಳು ಬಕೆಟ್ಟು ಹಿಡಿದು ಅಡುಗೆಮನೆಯ ನಡುವೆ ನಿಂತುಬಿಟ್ಟಳು, ನೀರು ತುಳುಕಿ ಪಾದ ಒದ್ದೆಯಾಯಿತು, ಆಗಲಿ, ಒಂದೇ ಇಟ್ಟಿಗೆಯ ಗೋಡೆ ಇದು, ಕಟ್ಟಿದವನು ಅಷ್ಟಕ್ಕೇ ಕೈ ತೊಳೆದುಕೊಂಡಿದ್ದಾನೆ, ಆಚೆಯವನು ಸೀನಿದರೆ ಈಚೆ ಕೇಳುತ್ತದೆ, ಚಮಚ ಬಿದ್ದರೆ ಕೇಳುತ್ತದೆ, ಹಾಗಾದರೆ ಈಚೆಯಿಂದ ಅಮ್ಮ ಬಡಿದದ್ದು, ಅಮ್ಮ ಕೂಗಿದ್ದು — ಹಲ್ಲು ಕಡಿದುಕೊಂಡು ಬಕೆಟ್ಟು ಇಳಿಸಿದಳು. ನಾಳೆ ಅಮ್ಮ ಆಸ್ಪತ್ರೆಯಿಂದ ಬರುತ್ತಾಳೆ, ಸೊಂಟಕ್ಕೆ ರಾಡು ಹಾಕಿಸಿಕೊಂಡು, ಅದಕ್ಕೇ ಇವಳು ರಜೆ ಹಾಕಿ ಮನೆ ತೊಳೆಯಲು ನಿಂತಿರುವುದು, ನೆಲ ತಿಕ್ಕಬೇಕು, ಜಾರದ ಚಾಪೆ ಹಾಸಬೇಕು, ಮತ್ತೆ ಆ ಗುರುತುಗಳಿಗೆ ಪುಟ್ಟಿ ಮೆತ್ತಬೇಕು, ಒಲೆಯ ಪಕ್ಕ ಭುಜದೆತ್ತರದಲ್ಲಿ ಇರುವ ಹಳೆಯವಕ್ಕಲ್ಲ, ಅವು ಇರಲಿ, ಕೆಳಗಿನವಕ್ಕೆ, ನೆಲದಿಂದ ಒಂದು ಗೇಣು ಮೇಲೆ, ಸಾಲಾಗಿ, ಅರ್ಧಚಂದ್ರದ ಹಾಗೆ ಮೂರು. ಅವುಗಳ ಕಡೆ ನೋಡದೆ ಅವಳು ಸೋಪಿನ ಪುಡಿ ಹುಡುಕಿದಳು.

ಮೇಲಿನವು ಗೋಡೆ ಅತ್ತೆಯ ಕಾಲದವು, ಅತ್ತೆಯೆಂದರೆ ರಕ್ತಸಂಬಂಧವೇನೂ ಅಲ್ಲ, ಗೋಡೆಯಾಚೆ ಇದ್ದಳು, ಹೆರಿಗೆ ವಾರ್ಡಿನಲ್ಲಿ ನರ್ಸು, ಅಮ್ಮನಿಗೆ ಅಕ್ಕ, ಇವಳಿಗೆ ಗೋಡೆ ಅತ್ತೆ, ಅಮ್ಮನ ಕೈಯಲ್ಲಿ ಈ ಉದ್ದ ಹಿಡಿಯ ಕಬ್ಬಿಣದ ಸೌಟು, ಎರಡು ಸಲ ಬಡಿದರೆ ಬಿಡುವಾಗಿದ್ದೀಯಾ ಎಂದು, ಆಚೆಯಿಂದ ಲಟ್ಟಣಿಗೆಯಲ್ಲಿ ಒಂದು ಬಡಿತ ಬಂದರೆ ಆಗಿದ್ದೀನಿ, ಬರದಿದ್ದರೆ ರಾತ್ರಿಪಾಳಿ ಮುಗಿಸಿ ಮಲಗಿದ್ದಾಳೆ, ಮೂರು ಬಡಿದರೆ ಮಾತೇ ಇಲ್ಲ, ಎದ್ದು ಬಾ — ಇವಳಿಗೆ ಜ್ವರ ಏರಿ ಕಣ್ಣು ಮೇಲಾದ ದಿನ ಅಮ್ಮ ಮೂರು ಬಡಿದಿದ್ದಳು, ಅತ್ತೆ ತಲೆಗೆ ಸ್ನಾನ ಮಾಡುತ್ತಿದ್ದವಳು ಸೋಪಿನ ನೊರೆಯಲ್ಲೇ ಬಂದು ನಿಂತಿದ್ದಳು, ಕಿವಿಯ ಮೇಲೆ ನೊರೆ, ಏಯ್ ಹುಡುಗಿ ಕಣ್ಣು ಬಿಡೇ, ನಾನು ತಲೆ ತೊಳ್ಕೋಬೇಕು, ಬೇಗ ಹುಷಾರಾಗು ನೋಡೋಣ — ಎರಡೂ ಮನೆಯ ಬೀಗದ ಕೈ ಎರಡೂ ಮನೆಯಲ್ಲಿ ತೂಗುತ್ತಿದ್ದವು. ಜಗಳವೂ ಆಗುತ್ತಿತ್ತು, ಯಾಕಾಗಬಾರದು, ಅತ್ತೆಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ, ಆ ಹುಡುಗ ಯಾರೇ ನಿನ್ನನ್ನ ಮೂಲೆವರೆಗೂ ಬಿಟ್ಟುಹೋದನಲ್ಲ, ಸಂಬಳ ಏರ್ತಾ, ಇಷ್ಟು ಸಣ್ಣಗಾಗಿದ್ದೀಯಲ್ಲ — ಇವಳಿಗೆ ಮೈಯೆಲ್ಲ ಉರಿಯುತ್ತಿತ್ತು, ನಮ್ಮ ಮನೆ ವಿಷಯ ಇವಳಿಗ್ಯಾಕಮ್ಮ, ಇವಳ ಹಂಗು ನಮಗ್ಯಾಕೆ, ಎಂದು ಕೂಗಾಡಿದ್ದಳು, ಅಮ್ಮ ಸೌಟು ತಿರುವುತ್ತ ಹಂಗಲ್ಲ ಕಣೇ ಅಂದಿದ್ದಳು.

ಹಂಗು, ಅದೇ, ಯಾರಿಗೂ ಯಾರ ಹಂಗೂ ಬೇಡ ಈಗ, ಪುರುಸೊತ್ತಿಲ್ಲ ಅನ್ನುತ್ತಾರಲ್ಲ, ಸುಳ್ಳು, ಬೊಗಳೆ, ಪುರುಸೊತ್ತು ಬೇಕಾದಷ್ಟಿದೆ, ಬೆರಳಲ್ಲಿ ಪರದೆ ನೂಕುತ್ತ ಕೂರಲು ಇದೆ, ಲಿಫ್ಟಿನಲ್ಲಿ ಯಾರಾದರೂ ಹತ್ತಿದರೆ ಸಾಕು ಎಲ್ಲರಿಗೂ ಒಮ್ಮೆಗೇ ಫೋನಿನಲ್ಲಿ ತುರ್ತು ಕೆಲಸ ಬಂದುಬಿಡುತ್ತದೆ, ಉಪ್ಪು ಮುಗಿದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕಿಲ್ಲ, ಬಾಗಿಲಿಗೇ ಯಾರೋ ತಂದಿಟ್ಟು ಮುಖ ತೋರಿಸದೆ ಹೋಗುತ್ತಾನೆ, ಉಪ್ಪು ಕೇಳಿದರೆ ನಾಳೆ ಅವರು ಬೆಲ್ಲ ಕೇಳಿಯಾರು, ಬೆಲ್ಲ ಕೊಟ್ಟರೆ ಕೂರಿ ಅನ್ನಬೇಕಾದೀತು, ಕೂತರೆ ಕಷ್ಟ ಹೇಳಿಯಾರು, ಅಯ್ಯೋ ಬೇಡಪ್ಪ, ದುಡ್ಡು ಬಿಸಾಕಿದರೆ ಆಯಿತು. ಗೋಡೆ ಅತ್ತೆ ತೀರಿಕೊಂಡು ಆ ಮನೆ ಮಾರಿಹೋಗಿ ಈ ಆಸಾಮಿ, ಹಗಲಿಡೀ ಕಿವಿ ಮುಚ್ಚಿಕೊಂಡಿರುವ ಈ ಹೆಡ್‌ಫೋನು ಬಂದಾಗ ಅಮ್ಮ ಎಷ್ಟು ಸಡಗರದಲ್ಲಿ ಏನೋ ಸಿಹಿ ಮಾಡಿ ಬಟ್ಟಲಲ್ಲಿ ಹಾಕಿಕೊಂಡು ಹೋಗಿದ್ದಳು, ಬಾಗಿಲು ಅಂಗೈಯಷ್ಟು ತೆರೆಯಿತಂತೆ, ಒಂದು ಕೈ ಬಂದು ಬಟ್ಟಲು ತೆಗೆದುಕೊಂಡಿತಂತೆ, ಥ್ಯಾಂಕ್ಸ್ ಆಂಟಿ ಮೀಟಿಂಗಲ್ಲಿದೀನಿ, ಮಾರನೆ ದಿನ ಬಟ್ಟಲು ತೊಳೆದು ಒರೆಸಿ ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಬಾಗಿಲ ಹಿಡಿಕೆಗೆ ನೇತುಹಾಕಿತ್ತು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಚೆನ್ನಾಗಿ ತೊಳೆದಿದ್ದಾನೆ ಪಾಪ ಅಂದಳು, ಪಾಪವಂತೆ, ಅವಳ ಬಾಯಲ್ಲಿ ಎಲ್ಲರೂ ಪಾಪವೇ, ಒಂದು ದಿನ ಸೌಟಿನಿಂದ ಎರಡು ಬಡಿದೂ ನೋಡಿದಳು, ಆಚೆಯಿಂದ ಏನೂ ಬರಲಿಲ್ಲ, ಆಗ ಇವಳೇ ಹೇಳಿದ್ದು, ಅಮ್ಮಾ, ಈಗಿನವರಿಗೆ ಇದೆಲ್ಲ ಆಗಲ್ಲ, ಅವನಿಗೆ ಈ ಲೆಕ್ಕವೂ ಗೊತ್ತಿಲ್ಲ, ಬಡೀಬೇಡ, ಸುಮ್ನೆ ದೂರು ಬರತ್ತೆ.

ದೂರು, ದೂರೇ ಇವಳ ಅನ್ನ, ನೀರಿನ ಇಲಾಖೆಯಲ್ಲಿ ಫೋನಿನ ಮುಂದೆ ಕೂತು ದಿನವಿಡೀ ದೂರು ಕೇಳುವುದೇ ಕೆಲಸ, ಇವಳ ತಲೆಗೂ ಒಂದು ಹೆಡ್‌ಫೋನು ಇದೆ, ಮೇಲಿನ ಮನೆಯವರ ಪೈಪು ನಮ್ಮ ಗೋಡೆಗೆ ಸೋರ್ತಿದೆ ಮೇಡಂ, ಅವರಿಗೆ ಹೇಳಿದ್ರಾ, ನಾನ್ಯಾಕೆ ಹೇಳ್ಲಿ, ನೀವು ಹೇಳಿ, ಒಂದು ಮೆಟ್ಟಿಲು ಹತ್ತಿದರೆ ಮುಗಿಯುವ ಮಾತಿಗೆ ಇಲಾಖೆಗೆ ಫೋನು, ತೊಂದರೆಗೆ ಕ್ಷಮೆ ಇರಲಿ, ಕೂಡಲೇ ಸರಿಪಡಿಸುತ್ತೇವೆ, ಇದು ಇಲಾಖೆ ಕಲಿಸಿದ ವಾಕ್ಯ, ಮೊದಮೊದಲು ನಾಲಿಗೆಗೆ ತೊಡಕುತ್ತಿತ್ತು, ಈಗ ಉಸಿರಿನ ಹಾಗೆ ತಾನಾಗಿಯೇ ಬರುತ್ತದೆ, ಬಸ್ಸಿನಲ್ಲಿ ಯಾರೋ ಇವಳ ಕಾಲು ತುಳಿದಾಗಲೂ ಇವಳೇ ಅಂದಿದ್ದಾಳೆ. ಆ ಮಧ್ಯಾಹ್ನ ಒಂದು ಕರೆ ಮುಗಿದು ಇನ್ನೊಂದು ಕರೆ ಬರುವ ಸಂದಿನಲ್ಲಿ ಕಟ್ಟಡದವರ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಿತ್ತು, ಹೆಡ್‌ಫೋನಿನದು, ಪಕ್ಕದ ಮನೆಯಿಂದ ತುಂಬಾ ಹೊತ್ತಿನಿಂದ ಗೋಡೆ ಬಡಿಯುವ ಶಬ್ದ, ಕೆಲಸ ಮಾಡಲು ಆಗುತ್ತಿಲ್ಲ, ಸಂಬಂಧಪಟ್ಟವರು ಗಮನಿಸಿ, ಜೊತೆಗೆ ಸಾಕ್ಷಿಗೆಂದು ಧ್ವನಿಮುದ್ರಣ, ಅದರ ಕೆಳಗೆ ಮೇಲಿನ ಮನೆಯವಳು, ನಮಗೂ ಕೇಳಿಸ್ತಿದೆ, ಮಗು ಮಲಗಿದೆ, ಅದರ ಕೆಳಗೆ ಕೆಳಗಿನ ಮನೆಯವರು, ದಯವಿಟ್ಟು ಸ್ವಲ್ಪ ನಾಗರಿಕತೆ ಇರಲಿ, ಅದರ ಕೆಳಗೆ ಹೆಬ್ಬೆರಳು, ಹೆಬ್ಬೆರಳು, ಹೆಬ್ಬೆರಳು — ಥೂ ಈ ಅಮ್ಮ, ಬೇಡವೆಂದರೂ ಬಡಿಯುತ್ತಾಳಲ್ಲ, ಮಾನ ಕಳೆದಳು, ಧ್ವನಿಯನ್ನು ಕೇಳಲೂ ಇಲ್ಲ, ಕಿವಿಯಲ್ಲಿ ಇಲಾಖೆಯ ಹೆಡ್‌ಫೋನು ಇತ್ತಲ್ಲ, ಬೆರಳು ತಾನಾಗಿಯೇ ಓಡಿತು, ತೊಂದರೆಗೆ ಕ್ಷಮೆ ಇರಲಿ, ಕೂಡಲೇ ಸರಿಪಡಿಸುತ್ತೇವೆ. ಅದಕ್ಕೂ ಹೆಬ್ಬೆರಳುಗಳು ಬಿದ್ದವು, ಅವಳು ಮುಂದಿನ ಕರೆ ಎತ್ತಿಕೊಂಡಳು.

ಸಂಜೆ ಬಾಗಿಲು ತೆಗೆದರೆ ಅಮ್ಮ ಇಲ್ಲಿ, ಇದೇ ಜಾಗದಲ್ಲಿ, ತೇವದ ನೆಲದಲ್ಲಿ ಒಂದು ಮಗ್ಗುಲಾಗಿ, ಕೈಯಲ್ಲಿ ಸೌಟು ಹಿಡಿದೇ, ಬಂದ್ಯಾ ಅಂದಳು, ಅಷ್ಟೇ — ಫೋನು ಕೋಣೆಯಲ್ಲಿ ಚಾರ್ಜಿಗೆ ಹಾಕಿತ್ತಂತೆ, ಬಿದ್ದಾಗ ಸೌಟು ಜೊತೆಗೇ ಬಿತ್ತಂತೆ, ಸದ್ಯ, ಕೈಗೆ ಸಿಕ್ಕಿತಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಇವಳು ಆ ಧ್ವನಿಮುದ್ರಣ ಕೇಳಿದ್ದು, ಠಕ್ ಠಕ್ ಠಕ್, ಬಿಡುವು, ಠಕ್ ಠಕ್ ಠಕ್, ಬಿಡುವು, ಆ ಬಿಡುವಿನಲ್ಲಿ ತೆಳ್ಳಗೆ, ಆದರೆ ಸ್ಪಷ್ಟವಾಗಿ, ಅಕ್ಕಾ, ಬಾರೇ ಅಕ್ಕಾ, ಸತ್ತವಳನ್ನು ಕರೆಯುತ್ತಿದ್ದಳು, ಬದುಕಿದ್ದವನು ಒಂದು ಇಟ್ಟಿಗೆಯಷ್ಟು ದೂರದಲ್ಲಿದ್ದೂ ಬರಲಿಲ್ಲ, ಫೋನನ್ನು ಗೋಡೆಗೆ ಆನಿಸಿ ಹಿಡಿದಿದ್ದಾನೆ ಅವನು, ಅಷ್ಟು ಚೆನ್ನಾಗಿ ಕೇಳುತ್ತದೆ, ಎದ್ದು ಗೋಡೆಯವರೆಗೆ ಬಂದಿದ್ದಾನೆ, ಬಾಗಿಲವರೆಗೆ ಹೋಗಲು ಆಗಲಿಲ್ಲ. ಮಾರನೆ ದಿನವೇ ಕೆನ್ನೆಗೆ ಬಾರಿಸುವಷ್ಟು ಸಿಟ್ಟಿನಲ್ಲಿ ಅವನ ಬೆಲ್ಲು ಒತ್ತಿದಳು, ಬಾಗಿಲ ಮೇಲಿನ ಕಪ್ಪು ಗುಂಡಿ ಮಾತಾಡಿತು, ಪಾರ್ಸಲ್ ಆದ್ರೆ ಅಲ್ಲೇ ಇಟ್ಬಿಡಿ, ನಾನು ಪಕ್ಕದ ಮನೆಯವಳು ಅಂದಳು, ಓ, ಏನಿದ್ರೂ ಗ್ರೂಪಲ್ಲಿ ಹಾಕಿ, ನೋಡ್ತೀನಿ — ಹಾಕಲಿಲ್ಲ, ಏನಂತ ಹಾಕುವುದು, ಇವಳ ಕ್ಷಮೆಯೇ ಅಲ್ಲಿ ಎಲ್ಲರಿಗೂ ಕಾಣುವಂತೆ ಕೂತಿತ್ತಲ್ಲ, ಕೂಡಲೇ ಸರಿಪಡಿಸುತ್ತೇವೆ. ಅಮ್ಮನಿಗಂತೂ ಹೇಳೇ ಇಲ್ಲ, ವಾರ್ಡಿನಲ್ಲಿ ಮಲಗಿಕೊಂಡು ಅಮ್ಮನೇ ಅವನ ಪರವಾಗಿ ವಕಾಲತ್ತು ಮಾಡುತ್ತಾಳೆ, ಆ ಹುಡುಗ ಅವತ್ತು ಮನೇಲಿರ್ಲಿಲ್ಲ ಅನ್ಸತ್ತೆ ಕಣೇ, ಇದ್ದಿದ್ರೆ ಬರದೆ ಇರ್ತಿದ್ನಾ, ಬೇರೆಲ್ಲೂ ಬಿಡಬೇಡ ನನ್ನ, ಮನೆಗೇ ಕರ್ಕೊಂಡ್ಹೋಗು, ನೀನು ಕೆಲ್ಸಕ್ಕೆ ಹೋದ್ರೂ ಪಕ್ಕದಲ್ಲಿ ಜನ ಇದಾರಲ್ಲ, ಸೌಟು ಮಂಚದ ಹತ್ರ ಇಟ್ಟಿರು, ಸಾಕು.

ಸಾಕಂತೆ, ರಜೆ ಮುಗಿದ ದಿನ ಇವಳು ಬೀಗ ಹಾಕಿಕೊಂಡು ಹೋಗಬೇಕು, ಅಮ್ಮ ಈ ಗೋಡೆಯನ್ನು ನಂಬಿಕೊಂಡು ಮಲಗಿರಬೇಕು, ನಿಜ ಹೇಳಿದರೆ ಸೊಂಟದ ಜೊತೆಗೆ ಇನ್ನೇನು ಮುರಿಯುತ್ತದೋ, ಹೇಳದಿದ್ದರೆ ಮತ್ತೆ ಬಡಿಯುತ್ತಾಳೆ — ಪುಟ್ಟಿಯ ಡಬ್ಬಿ ಹಿಡಿದು ಅವಳು ಗೋಡೆಯ ಬುಡಕ್ಕೆ ಕೂತಳು, ಕೂತರೆ ಗುರುತು ಕಣ್ಣಿಗಿಂತ ಕೆಳಗಾಯಿತು, ಇನ್ನೂ ಬಾಗಿದಳು, ಹಾಗೂ ಆಗದೆ ಒದ್ದೆ ನೆಲದಲ್ಲೇ ಮಗ್ಗುಲಾಗಿ ಮಲಗಿದಳು, ಈಗ ಸರಿಹೋಯಿತು, ಅಮ್ಮನ ಕೈ ಇಲ್ಲಿಗಷ್ಟೇ ಎಟಕಿದ್ದು, ಪಕ್ಕೆಗೆ ತಣ್ಣಗೆ ನೀರು ಹತ್ತಿತು, ಕಟ್ಟೆಯ ಮೇಲಿನ ಸೌಟು ಇಲ್ಲಿಂದ ಎಷ್ಟು ದೂರ, ಎದ್ದು ತಂದಳು, ಮತ್ತೆ ಮಲಗಿದಳು, ಆಚೆ ಅವನು ನಗುತ್ತಿದ್ದಾನೆ, ಹೌದೌದು, ಕನೆಕ್ಟಿವಿಟಿನೇ ಮುಖ್ಯ ಅಲ್ವಾ, ಅನ್ನುತ್ತಿದ್ದಾನೆ. ಪುಟ್ಟಿ ಹಾಳಾಗಿ ಹೋಗಲಿ, ಅವಳು ತೋಳು ಚಾಚಿ ಬಡಿದಳು, ಠಕ್ ಠಕ್ ಠಕ್.

ದನಿ ನಿಂತಿತು. ಒಂದ್ನಿಮಿಷ ಅಂದ ಯಾರಿಗೋ, ಕುರ್ಚಿಯ ಗಾಲಿ ಉರುಳಿತು, ಹೆಜ್ಜೆ, ಚಪ್ಪಲಿಯ ಹೆಜ್ಜೆ, ಹತ್ತಿರ, ಇನ್ನೂ ಹತ್ತಿರ, ಗೋಡೆಯವರೆಗೆ, ಬಾ, ಇನ್ನು ಬಾಗಿಲ ಕಡೆ ತಿರುಗು, ಬಾರೋ, ನೀನು ಬಾಗಿಲು ತಟ್ಟಿ ಏನಾಯ್ತು ಅಂತ ಒಂದೇ ಒಂದು ಮಾತು ಕೇಳು, ಬೈದುಬಿಡ್ತೀನಿ, ಬೈದು ಒಳಗೆ ಕರೀತೀನಿ, ಈ ಲೆಕ್ಕ ಕಲಿಸ್ತೀನಿ, ಎರಡಾದರೆ ಇದು, ಮೂರಾದರೆ ಇದು, ಅಷ್ಟೇ ಕಣೋ ಕಲಿಯೋದಿರೋದು — ಅವಳು ಮತ್ತೆ ಬಡಿದಳು, ಠಕ್ ಠಕ್ ಠಕ್, ಆಚೆ ಇಟ್ಟಿಗೆಗೆ ಏನೋ ತಾಗಿದ ಸಣ್ಣ ಸದ್ದು, ಗಾಜಿನದೋ ಪ್ಲಾಸ್ಟಿಕ್ಕಿನದೋ, ಬಾಗಿಲು ತಟ್ಟುವ ಸದ್ದಿಲ್ಲ, ಇವಳ ಜೇಬಿನಲ್ಲಿ ಫೋನು ಟಿಣ್ ಅಂದಿತು, ಮಲಗಿದಲ್ಲೇ ತೆಗೆದಳು, ಮತ್ತೆ ಶುರುವಾಗಿದೆ, ಸಂಬಂಧಪಟ್ಟವರು, ಅದರ ಕೆಳಗೆ ಆಗಲೇ ಒಂದು ಹೆಬ್ಬೆರಳು, ಬರೆಯುವ ಜಾಗ ಮುಟ್ಟುವ ಮೊದಲೇ ಫೋನು ತಾನೇ ಕಲಿತುಕೊಂಡ ಪದ ಮುಂದಿಟ್ಟಿತು, ತೊಂದರೆಗೆ, ಅದನ್ನು ಒತ್ತಿದರೆ ಕ್ಷಮೆ, ಅದನ್ನು ಒತ್ತಿದರೆ ಇರಲಿ, ಅವಳ ಹೆಬ್ಬೆರಳು ಪರದೆಯ ಮೇಲೆ ನಿಂತಿತು, ಕಣ್ಣ ಮುಂದೆ ಗೋಡೆ, ನೆಲದಿಂದ ಒಂದು ಗೇಣು ಮೇಲೆ, ಅಮ್ಮನ ಮೂರು ಅರ್ಧಚಂದ್ರ, ಅವುಗಳ ಪಕ್ಕದಲ್ಲಿ, ಅಷ್ಟೇ ಎತ್ತರಕ್ಕೆ, ಬಿಳಿ ಪುಡಿ ಇನ್ನೂ ಉದುರುತ್ತಿರುವ ಹೊಸ ಮೂರು.