ತುಂಬೆಗೆ ಕಟ್ಟಿದ ದಾರ

ದಸರೆ ಮುಗಿಯುವಷ್ಟರಲ್ಲಿ ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸ್ ಹಿಂದಿನ ಖಾಲಿ ಜಾಗದಲ್ಲಿ ತುಂಬೆ ಗಿಡಗಳು ಬೆಳ್ಳಗೆ ಹೂಬಿಟ್ಟಿದ್ದವು. ಆ ಹೂವಿಗೆ ಒಂದೇ ಮನೆಯಲ್ಲಿ ಇಬ್ಬರು ಗಿರಾಕಿಗಳು. ಒಬ್ಬರು ಕೊಟ್ರಬಸಪ್ಪ, ಲಿಂಗಪೂಜೆಯಾಗದೆ ತೊಟ್ಟು ನೀರೂ ಕುಡಿಯದವರು. ಇನ್ನೊಬ್ಬಳು ಅವರ ಮೊಮ್ಮಗಳು ಜಯಶೀಲಾ, ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬಿ.ಎಸ್ಸಿ. ಓದುವವಳು. ಯಾವ ಹೂವಿಗೆ ಯಾವ ಹುಳ ಬರುತ್ತದೆ, ಹುಳ ಕೂತ ಹೂ ಬೀಜ ಕಟ್ಟುತ್ತದೆಯೇ ಎಂದು ನೋಡಿ ದೀಪಾವಳಿಯೊಳಗೆ ಬರೆದುಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಮೇಷ್ಟ್ರು ಹೇಳಿಬಿಟ್ಟಿದ್ದರು.

ಭಾನುವಾರವೆಲ್ಲ ಅವಳು ಬಿಸಿಲಲ್ಲಿ ಕೂತು, ಜೇನುಹುಳ ಇಳಿದ ಗೊಂಚಲಿಗೆಲ್ಲ ಅಮ್ಮನ ಹೊಲಿಗೆ ಪೆಟ್ಟಿಗೆಯ ಕೆಂಪು ದಾರ ಕಟ್ಟಿದಳು. ಪಕ್ಕದ ಮನೆ ಹೆಂಗಸರು ಗಂಡು ಕೂಡಿಬರಲೆಂದು ಹರಕೆ ಇರಬೇಕು ಎಂದುಕೊಂಡರು. ಅವಳು ತಿದ್ದಲಿಲ್ಲ. ಅದರಿಂದ ಕೆಲಸಕ್ಕೇನೂ ಅಡ್ಡಿಯಿರಲಿಲ್ಲ.

ಸೋಮವಾರ ಕಾರ್ಖಾನೆಯ ಸೈರನ್ನಿಗೆ ಎದ್ದು ಹೋಗಿ ನೋಡಿದರೆ ಗಿಡಗಳೆಲ್ಲ ಬೋಳು. ಒಳಗೆ ಅಜ್ಜ ವಿಭೂತಿ ಧರಿಸಿ ಕೂತಿದ್ದರು. ಬೆರಳು ನಡುಗುವುದರಿಂದ ಹೂ ಬಿಡಿಸಲಾರದೆ ಗೊಂಚಲನ್ನೇ ಚಿವುಟಿ ತಂದಿದ್ದರು. ಅವಳ ನಿನ್ನೆಯ ಕೆಲಸ ಬುಟ್ಟಿಯಲ್ಲಿ ಕೆಂಪಗೆ ಬಿದ್ದಿತ್ತು.

"ದಾರ ಚೆನ್ನಾಗಿ ಕಟ್ಟಿದೀಯ ಕಣೇ. ಪೂಜೆಗೆ ಅಂತ ತಾನೆ?"

ಹೌದೆಂದರೆ ನಾಳೆಯೂ ಕೀಳುತ್ತಾರೆ. ಅಲ್ಲವೆಂದರೆ ಇವತ್ತು ಉಪವಾಸ ಕೂರುತ್ತಾರೆ; ದುಂಬಿ ಮುಟ್ಟಿದ್ದು ಎಂಜಲು ಎಂದು ಹೊತ್ತು ಹುಟ್ಟುವ ಮೊದಲೇ ಹೂ ಕೊಯ್ಯುವ ಮನುಷ್ಯ. ಬಾಗಿಲಲ್ಲಿದ್ದ ಅಮ್ಮ ಮಹಾಂತಮ್ಮ ಹೂಂ ಅನ್ನು ಎಂದು ಕಣ್ಣಲ್ಲೇ ಗದರಿದಳು.

"ಅಲ್ಲಜ್ಜ. ನಿನ್ನೆ ಹುಳ ಕೂತಿದ್ದಕ್ಕೆ ಗುರುತು."

ಅಜ್ಜ ದಾರವಿದ್ದದ್ದನ್ನೆಲ್ಲ ಪಕ್ಕಕ್ಕಿಟ್ಟರು. ಒಂದು ಹಿಡಿ ಉಳಿಯಿತು. "ಇವು?"

"ಅವನ್ನ ನಾನು ನೋಡ್ತಿರ್ಲಿಲ್ಲ, ಅಷ್ಟೆ. ಹುಳ ಕೂತಿದ್ರೂ ಕೂತಿರ್ಬಹುದು."

ಅಜ್ಜ ಬುಟ್ಟಿ ಸರಿಸಿ ಎದ್ದು ಹೊರಗೆ ನಡೆದರು. ಮುದುಕರ ಹೊಟ್ಟೆ ಮೇಲೆ ಹೊಡೆಯುವ ಈ ವಿದ್ಯೆ ಯಾರಿಗೆ ಬೇಕಿತ್ತು ಎಂದು ಅಮ್ಮ ಪಾತ್ರೆ ತೊಳೆಯುವಷ್ಟು ಹೊತ್ತೂ ಕೇಳಿದಳು. ಬಿಸಿಲೇರಿದ ಮೇಲೆ ಅಜ್ಜ ಎಲ್ಲಿಂದಲೋ ಬಿಲ್ವಪತ್ರೆ ತಂದರು. ಇನ್ನು ಪತ್ರೆಯಷ್ಟೇ ಸಾಕು, ತುಂಬೆ ಅವಳೇ ಇಟ್ಟುಕೊಳ್ಳಲಿ ಎಂದರು. ಪೂಜೆಗೆ ಕೂತವರು ತಿರುಗಿ ಕೇಳಿದರು:

"ಪತ್ರೆ ಮೇಲೆ ಏನೂ ಕೂರಲ್ಲ ತಾನೆ?"

ನಿಂಬೆಗಿಡದ ಚಿಟ್ಟೆ ಬಿಲ್ವದೆಲೆಯ ಮೇಲೂ ಮೊಟ್ಟೆಯಿಡುತ್ತದೆ, ಮರಿಹುಳ ಆ ಎಲೆಯನ್ನೇ ತಿಂದು ಬೆಳೆಯುತ್ತದೆ ಎಂದು ಜಯಶೀಲಾ ಹೋದ ವರ್ಷವೇ ಓದಿದ್ದಳು. ಅಜ್ಜ ಬೆಳಿಗ್ಗೆಯಿಂದ ತೊಟ್ಟು ನೀರೂ ಕುಡಿದಿರಲಿಲ್ಲ.

"ಅದು ನಮಗೆ ಪಾಠಕ್ಕಿಲ್ಲ ಅಜ್ಜ," ಎಂದು ಹೇಳಿ, ಗಿಡದಲ್ಲಿ ಮೊಗ್ಗೇನಾದರೂ ಉಳಿದಿದೆಯೇ ಎಂದು ನೋಡಲು ಹೋದಳು.