ಮಂಚದ ಪಟ್ಟೆ

ಕಲೀಂ ಕೊಡ ಕುಕ್ಕಿದ ರಭಸಕ್ಕೆ ಅರ್ಧ ನೀರು ಅಂಗಳಕ್ಕೆ ಚೆಲ್ಲಿತು. ಒಳಗೆ ಅವನ ತಂದೆ ಅಬ್ದುಲ್ ವಾಹಿದರ ಕೊನೆಯ ಸ್ನಾನಕ್ಕೆ ನೀರು ಬೇಕಿತ್ತು. ಬಾಗಿಲ ಹೊರಗೆ ಸಂತೆಬಾಚಹಳ್ಳಿಯ ಚಿಕ್ಕಸ್ವಾಮಿ ನಿಂತಿದ್ದ.

"ನನ್ ಮಗಳು ನೆನ್ನೆಯಿಂದ ಕೆರೆ ತಳದಲ್ಲವ್ಳೆ ಕಣಪ್ಪ. ತೂಬಲ್ಲಿ ಸಿಕ್ಕಾಕ್ಕೊಂಡವ್ಳೆ. ನಿಮ್ಮಪ್ಪ ಓಗ್ಬುಟ್ರು ಅಂತ ಇಲ್ಲಿಗೆ ಬಂದ್ಮೇಲೇ ಗೊತ್ತಾಗಿದ್ದು. ನೀನೂ ನಿಮ್ಮಪ್ಪನಂಗೆ ಮುಳುಗಿ ಎತ್ಕೊಡ್ತೀಯಂತಲ್ಲ, ಬಾ."

"ಎಂಗೆ ಬರ್ಲಿ ಗೌಡ್ರೆ? ಗಾಳಿ ಸಿಲಿಂಡರ್ ಐತೆ, ಬೆನ್ನಿಗೆ ಕಟ್ಕೊಳ್ಳೋ ಪಟ್ಟೆ ಇಲ್ಲ. ಅದ್ನ ಎಸೆದೋರು ನೀವೇ ತಾನೆ?"



*

ಅದು ತಿಂಗಳ ಹಿಂದೆ, ತೊಂಬತ್ತೈದರ ಗೌರಿಹಬ್ಬದ ವಾರ. ಅದೇ ಕೆರೆಯಿಂದ ಮುದುಕನೊಬ್ಬನ ಹೆಣ ಎತ್ತಿಕೊಟ್ಟು ವಾಹಿದ್ ದಡದಲ್ಲಿ ಏದುಸಿರು ಬಿಡುತ್ತಿದ್ದರು. ಚಿಕ್ಕಸ್ವಾಮಿ ಅವರ ಪಟ್ಟೆಯನ್ನು ಕೋಲಿನಲ್ಲಿ ಎತ್ತಿ ನೀರಿಗೆಸೆದ. "ಹೆಣ ಮುಟ್ಟಿದ್ದು ದಡದಲ್ಲಿರಬಾರ್ದು ಕಣ್ಲಾ."

ಎಲ್ಲ ಊರಲ್ಲೂ ಇದೇ ಶಾಸ್ತ್ರ. ಹೆಣ ಬೇಕು, ಅದನ್ನು ತಬ್ಬಿ ತಂದದ್ದು ಬೇಡ. ಥೂ, ಎಂಥ ಜನ! ವಾಹಿದ್ ಮಾತ್ರ "ಬುಡು, ಇನ್ನೊಂದು ಹೊಲ್ಕೊಂಡ್ರಾಯ್ತು" ಎನ್ನುತ್ತಿದ್ದರು. ಹೆಗಲಿಗೆರಡು, ಸೊಂಟಕ್ಕೊಂದು ನವಾರಿನ ಪಟ್ಟೆ, ಹಳೆಯ ಸ್ಕೂಲ್ ಬ್ಯಾಗಿನ ಬಕಲ್ಲು, ಅಷ್ಟೆ. ಮಡಿಸಿದರೆ ಲುಂಗಿಯಷ್ಟಾಗಿ ಕೈಚೀಲಕ್ಕೆ ಸೇರಬೇಕು. ಹೆಣ ತೆಗೆಯುವವನೆಂದು ಗೊತ್ತಾದರೆ ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗುತ್ತಿದ್ದರು. ಆ ಸಲ ಊರಿಗೆ ಮರಳಿ ಜ್ವರ ಹಿಡಿದು ಮಲಗಿದವರು ಮತ್ತೆ ಏಳಲಿಲ್ಲ. ಇನ್ನೊಂದನ್ನು ಹೊಲಿಯಲಾಗಲಿಲ್ಲ.

*

"ಕಲೀಂ, ಅಬ್ಬಾನ ಮಣ್ಣು ಮಾಡಿ ಬಾ. ಅಷ್ಟರಲ್ಲಿ ಪಟ್ಟೆ ಹೊಲಿದಿಡ್ತೀನಿ," ಎಂದಳು ಪರದೆಯ ಹಿಂದಿನಿಂದ ತಾಯಿ ಜಹೀರುನ್ನೀಸಾ.

"ಇವ್ರಿಗಾ ಅಮ್ಮಿ?"

"ಇವ್ರಿಗಲ್ಲ. ನೀರಲ್ಲಿರೋ ಆ ಹುಡ್ಗಿಗೆ."

ಚಿಕ್ಕಸ್ವಾಮಿ ಜಗಲಿಯಲ್ಲಿ ಕಾದ. ಗಂಡಸರು ಖಬರಸ್ತಾನದಿಂದ ಮರಳಿದಾಗ ಪರದೆಯ ಸಂದಿಯಿಂದ ಪಟ್ಟೆ ಹೊರಬಂತು. ಕಲೀಂ ಅದನ್ನು ಕೈಚೀಲಕ್ಕೆ ತುರುಕಲು ಹೋದ.

"ಚೀಲಕ್ಕಲ್ಲ ಬೇಟಾ. ಗೌಡ್ರ ಮೈಗೆ ಹಾಕು."

ಚಿಕ್ಕಸ್ವಾಮಿ ಒಂದು ಹೆಜ್ಜೆ ಹಿಂದೆ ಸರಿದ.

"ನಮ್ಮೋರು ಪ್ರಾಣ ಬಿಟ್ಟ ಮಂಚದ ನವಾರು ಅದು," ಎಂದಳು ಜಹೀರುನ್ನೀಸಾ. "ಊರು ಮುಟ್ಟೋ ಗಂಟ ನಿಮ್ಮ ಮೈಮೇಲಿರ್ಲಿ. ಕೆಲಸ ಮುಗಿದ್ಮೇಲೆ ನನ್ ಮಗನ ಜೊತೆ ಇಂಗೇ ಹಾಕ್ಕೊಂಡು ಬಂದು ವಾಪಸ್ ಕೊಡಿ. ಆಗಲ್ಲಾಂದ್ರೆ ಈಗ್ಲೇ ಹೇಳ್ಬುಡಿ."

ಚಿಕ್ಕಸ್ವಾಮಿ ತೋಳು ಅಗಲಿಸಿ ನಿಂತ. ಕಲೀಂ ಹೆಗಲಿನೆರಡನ್ನೂ ತೊಡಿಸಿ, ಸೊಂಟದ್ದನ್ನು ಬಿಗಿದು ಬಕಲ್ಲು ಹಾಕಿದ.

ಬೀದಿಯ ಜನ ನೋಡುತ್ತಿದ್ದರು. ತಾನು ತಂದಿದ್ದ ಜೀಪು ಹತ್ತುವಾಗ ಚಿಕ್ಕಸ್ವಾಮಿ ಹೆಗಲ ಟವೆಲನ್ನು ಎದೆಯ ಮೇಲೆ ಎಳೆದುಕೊಂಡ. ಪಟ್ಟೆ ಮುಚ್ಚಿಹೋಯಿತು. ಕೈ ಅಲ್ಲೇ ನಿಂತಿತು. ಆಮೇಲೆ ಟವೆಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತ.