ಸಿಮ್ರನಳ ಕಾಯಿಲೆಯ ಹಂದಿಮರಿ

ಕಿಟಕಿಯಾಚೆ ಗೊರಗೊರ ಸದ್ದು, ಮಗಳು ಸಿಮ್ರನಳ ಎದೆಯೇ ಅಂದುಕೊಂಡೆ, ಅಲ್ಲ, ಪಕ್ಕದ ಮನೆಯವರ ಹಂದಿ ಗೋಡೆಗೆ ಮೈ ತಿಕ್ಕುತ್ತಿದೆ, ಗೋವೆಯ ಕೆಪೆಗೆ ಬಂದ ಹೊಸದರಲ್ಲಿ ಈ ಪ್ರಾಣಿ ಕಂಡರೆ ಸೆರಗು ಮೂಗಿಗೇರುತ್ತಿತ್ತು, ಈಗ ನಿಂತು ನೋಡುತ್ತೇನೆ, ಇದರ ಶ್ವಾಸಕೋಶ ನಮ್ಮದರ ಹಾಗೇ ಅಂತೆ, ಡಾಕ್ಟರಬಾಯಿ ಹೇಳಿದ್ದು. ಅವರು ನಮ್ಮ ಗದಗಿನ ಕಡೆಯವರು, ಮುತ್ತಿಟ್ಟರೆ ಕೂಸಿನ ಕೆನ್ನೆ ಉಪ್ಪುಪ್ಪು ಅಂತ ನಾನಂದಾಗ ಉಳಿದವರೆಲ್ಲ ನಕ್ಕಿದ್ದರು, ಅವರು ನಗಲಿಲ್ಲ, ಬೆವರು ಪರೀಕ್ಷೆಗೆ ಕಳಿಸಿದರು. ವರದಿ ನೋಡಿ ನನಗೆ ಹೇಳಿದರು, ಇದಕ್ಕ ಸಿಸ್ಟಿಕ್ ಫೈಬ್ರೋಸಿಸ್ ಅಂತಾರ ಲಾಡಬಿ, ಗಂಡ ಹೆಂಡತಿ ಇಬ್ಬರೊಳಗೂ ಒಂದೊಂದು ಕೆಟ್ಟ ಎಳಿ, ಜೀನ್ ಅಂತಾರ, ಅಡಗಿತ್ತು, ಎರಡೂ ಕೂಸಿಗೆ ಬಂದಾವ, ಅದಕ್ಕ ಎದಿಯೊಳಗ ಕಫ ಅಂಟಾಗಿ ಕೂಡತೈತಿ. ವಾಸಿ ಆಗೂದಿಲ್ಲೇನ್ರಿ ಬಾಯಿ. ಇನ್ನೂ ಔಷಧ ಹುಡುಕಾಕತ್ತಾರವಾ, ಮೊದಲ ಇಲಿಯೊಳಗ ಆ ಎಳಿ ಕೆಡಿಸಿ ನೋಡಿದ್ರು, ಇಲಿ ಎದಿಗೆ ಹಿಂಗ ಕಫ ಕಟ್ಟಲಿಲ್ಲ, ಹೋದ ವರ್ಷ, ೨೦೦೮ರಾಗ, ಅಮೆರಿಕಾದಾಗ ಹಂದಿಗೆ ಮಾಡ್ಯಾರ, ಮರಿ ಹುಟ್ಟತಲೇ ಅದೇ ಬ್ಯಾನಿ. ಅದೇ ಅಂದರೆ, ಸಿಮ್ರನಳದೇ? ಒಲೆಯ ಮುಂದೆ ಕೂತರೂ ಕಣ್ಣೆದುರು ಬಾಯಿ ತೆರೆದ ಮರಿ — ಕಾಣದ ಎಳೆಯನ್ನು ಹುಡುಕಿ ಕೆಡಿಸಿದ್ದು ಹೇಗೆ, ಉಂಡಿದ್ದು ಅದರ ಮೈಗೂ ಹತ್ತುವುದಿಲ್ಲವೇ, ನೆಕ್ಕಿದಾಗ ತಾಯಿಹಂದಿಗೆ ಉಪ್ಪು ಗೊತ್ತಾಗುತ್ತದೆಯೇ.

ಮುರ್ಮುಗಾಂವ್ ಬಂದರಿನಿಂದ ಅದಿರಿನ ಧೂಳು ಮೆತ್ತಿಕೊಂಡು ಬಂದ ಹಾರೂನನಿಗೆ ಹಂದಿಮರಿಯ ವಿಷಯ ಹೇಳಿದೆ, ನನ್ನ ಗಂಡ, ಅತ್ತೆಯ ಮಗನೇ, ಚಿಕ್ಕಂದಿನಿಂದ ಕೂಡಿ ಆಡಿದವನು, ರೊಟ್ಟಿ ಹಿಡಿದ ಕೈ ಅಲ್ಲೇ ನಿಂತಿತು, ಮನಿಯಾಗ ಅದರ ಹೆಸರ ತಗೀಬ್ಯಾಡ, ನನ್ನ ಮಗಳಿಗೂ ಅದಕ್ಕೂ ಏನ ಸಂಬಂಧ, ಎದ್ದು ಹೋದ, ನಾನು ಉಳಿದ ರೊಟ್ಟಿ ಮುಚ್ಚಿಟ್ಟೆ. ಈಗ ಬೆಳಗಾಗಿದೆ, ಸಿಮ್ರನಳನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನು ತಟ್ಟುತ್ತಿದ್ದೇನೆ, ಡಾಕ್ಟರಬಾಯಿ ಕಲಿಸಿದಂತೆ ಅಂಗೈ ಬಟ್ಟಲು ಮಾಡಿ, ಟಪ್ ಟಪ್, ಕಫ ಸಡಿಲಾಗುವವರೆಗೆ, ಬಾಗಿಲಲ್ಲಿ ಹಾರೂನ, ಚಪ್ಪಲಿ ಮೆಟ್ಟಿದವನು ಹೋಗುತ್ತಿಲ್ಲ, ಹೊರಗೆ ನೋಡುತ್ತಲೇ ಕೇಳುತ್ತಾನೆ, ಆ ಮರಿ ಬದುಕ್ಯಾವೇನ. ಗೊತ್ತಿಲ್ಲ, ಬಾಯಿಯವರನ್ನ ಕೇಳ್ತೇನಿ. ಕೇಳು, ಅವಕ್ಕ ಗುಣ ಮಾಡಾಕ ಬರತೈತೇನ, ಅದನ್ನೂ ಕೇಳು. ಚಪ್ಪಲಿ ಬಿಟ್ಟು ಒಳಗೆ ಬಂದ, ಪಕ್ಕದಲ್ಲಿ ಕೂತ, ಹ್ಯಾಂಗ ಬಡೀಬೇಕು ತೋರಸು. ಮೂಟೆ ಹೊತ್ತ ಕೈ ಅಷ್ಟು ಹಗುರಾಗಿ ಬೀಳಬಹುದೆಂದು ನನಗೆ ತಿಳಿದಿರಲಿಲ್ಲ, ಸಿಮ್ರನ ಕೆಮ್ಮಿದಳು, ಗಂಟು ಕಫ ಹೊರಬಂತು, ಉಸಿರೆಳೆದುಕೊಂಡಳು, ನನ್ನ ಕೈ ಖಾಲಿ, ಎಲ್ಲೋ ಅಷ್ಟು ದೂರದಲ್ಲಿ ಆ ಮರಿ, ಬಾಯಿ ತೆರೆದು, ಅದರ ಬೆನ್ನು ಯಾರು ತಟ್ಟುತ್ತಾರೆ, ಅದರ ಬೆನ್ನು —